ನಿಲ್ಲದೆ ಹತ್ತು ಕಿಲೋಮೀಟರ್

ಚಲಿಸುತ್ತಿರುವ ವಸ್ತು, ಹೊರಗಿನ ಬಲವೊಂದು ತಡೆಯುವವರೆಗೆ ಚಲಿಸುತ್ತಲೇ ಇರುತ್ತದೆ. ಬಳ್ಳಾರಿಯ ಡಿಗ್ರಿ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದಿಂದ ಈ ಪಾಠ ಮಾಡುತ್ತಿದ್ದೇನೆ. ಹೊರಗಿನ ಬಲಕ್ಕೆ ನಮ್ಮ ಕಡೆ ಕೊರತೆಯೇ ಇಲ್ಲ ಎಂದು ತಿಳಿದದ್ದು ಮಾತ್ರ ನಾನೇ ಓಡಲು ಶುರು ಮಾಡಿದ ಮೇಲೆ.

ಶುರು ಮಾಡಿಸಿದ್ದು ಡಾಕ್ಟರು. ಸಕ್ಕರೆ ಗಡಿಯಲ್ಲಿದೆ, ಮೈ ಬೆವರಬೇಕು ಎಂದರು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನ್ನ ಹೆಂಡತಿ ತನ್ನ ನಗೆಕೂಟಕ್ಕೆ ಕರೆದಳು. ಅದು ಬೆಳಿಗ್ಗೆ ಆರಕ್ಕೆ ಪಾರ್ಕಿನಲ್ಲಿ ಇಪ್ಪತ್ತು ಜನ ಕೈ ಮೇಲೆತ್ತಿ, ಯಾವ ಕಾರಣವೂ ಇಲ್ಲದೆ ಹಹ್ಹಹ್ಹಾ ಎನ್ನುವ ಸಂಘ. ಕಾರಣವಿಲ್ಲದೆ ನಾನು ಕೆಮ್ಮುವುದೂ ಇಲ್ಲ. ಓಡುತ್ತೇನೆ ಎಂದೆ.

ಅವಳು ಕರಾರು ಹಾಕಿದಳು: "ಯುಗಾದಿಯೊಳಗ ಒಂದ ಒಂದ್ಸಲ ಹತ್ತು ಕಿಲೋಮೀಟರ್ ನಿಲ್ಲದಂಗ ಓಡಿ ತೋರಸ್ರಿ. ಆಮ್ಯಾಲ ನಗೆಕೂಟದ ಹೆಸರು ಎತ್ತಂಗಿಲ್ಲ. ಆಗಲಿಲ್ಲಂದ್ರ ದಿನಾ ನನ್ನ ಜೋಡಿ ಬಂದು ನಗಬೇಕು."

ಸಾಕ್ಷಿಗೆ ನನ್ನ ಫೋನು. ನಿಂತ ಪ್ರತಿ ಕ್ಷಣವನ್ನೂ ಅದು ಬರೆದಿಡುತ್ತದೆ. ಹೆಂಡತಿಯಷ್ಟೇ ನೆನಪಿನ ಶಕ್ತಿ.

ಬಸ್ಸು

ಮೊದಲ ಪ್ರಯತ್ನ ರೂಪನಗುಡಿ ರಸ್ತೆಯಲ್ಲಿ. ಎರಡನೇ ಕಿಲೋಮೀಟರಿನಲ್ಲಿ ಬೈಕಿನವನೊಬ್ಬ ಪಕ್ಕಕ್ಕೆ ಬಂದ.

"ಹತ್ರಿ ಸರ್, ಬಸ್ ಹಿಡಿಸ್ತೀನಿ."

"ಬಸ್ ಬೇಡಪ್ಪ, ಸುಮ್ಮನೆ ಓಡುತ್ತಿದ್ದೇನೆ."

ಅವನು ನನ್ನ ಮುಖ ನೋಡಿದ. ಏದುಸಿರು, ಬೆವರು, ಕೆಂಪು ಕಣ್ಣು. ಇದು ಸುಮ್ಮನೆ ಓಡುವವನ ಮುಖವಲ್ಲ ಎಂದು ಅವನಿಗೆ ಅನ್ನಿಸಿರಬೇಕು. ಗಾಡಿ ಜೋರು ಮಾಡಿ ಮುಂದೆ ಹೋದ. ತಿರುವು ದಾಟಿ ನೋಡಿದರೆ ಬಸ್ಸು ನಿಂತಿದೆ. ಅದರ ಮುಂದೆ ಬೈಕು ಅಡ್ಡ ನಿಂತಿದೆ. ಕಿಟಕಿಗಳಿಂದ ನಲವತ್ತು ತಲೆಗಳು ಹೊರಬಂದು "ಬರ್ರಿ, ಬರ್ರಿ, ಲಗೂನ ಬರ್ರಿ" ಎಂದು ಹುರಿದುಂಬಿಸುತ್ತಿವೆ.

ನಲವತ್ತು ಜನರ ಒಳ್ಳೆಯತನದ ಎದುರು ಭೌತಶಾಸ್ತ್ರ ನಡೆಯುವುದಿಲ್ಲ. ಹತ್ತಿದೆ. ಕಂಡಕ್ಟರು ಸೀಟಿ ಊದಿ ನನ್ನ ಭುಜ ತಟ್ಟಿದ:

"ನಾಳಿಂದ ಐದು ನಿಮಿಷ ಮೊದಲ ಮನಿ ಬಿಡ್ರಿ ಸರ್. ಈ ವಯಸ್ಸಿನಾಗ ಇಷ್ಟು ಓಡಬಾರದು."

ನಾಯಿ

ರಸ್ತೆ ಬೇಡ, ಬೆಟ್ಟ ಇರಲಿ ಎಂದು ಕುರುಗೋಡಿಗೆ ಹೋದೆ. ಬಂಡೆಗಳ ನಡುವಿನ ಕಾಲುದಾರಿ, ತಣ್ಣನೆಯ ಗಾಳಿ, ಯಾರೂ ಇಲ್ಲ. ನಾಲ್ಕನೇ ಕಿಲೋಮೀಟರಿನಲ್ಲಿ ಒಂದು ಕುರಿ ಹಿಂಡು, ಮೂರು ನಾಯಿ, ಬಂಡೆಯ ಮೇಲೆ ಕಂಬಳಿ ಹೊದ್ದು ಕೂತ ಕುರಿಗಾರ. ನಾಯಿಗಳು ನನ್ನತ್ತ ಹೊರಟವು.

"ಓಡಬ್ಯಾಡ್ರಿ!" ಎಂದು ಕುರಿಗಾರ ಕೂಗಿದ. "ಓಡಿದ್ರ ಹಿಡೀತಾವ!"

ನಿಂತೆ. "ನಿಂತರೆ ಹಿಡಿಯುವುದಿಲ್ಲವೇ?"

"ನಿಂತ್ರೂ ಹಿಡೀತಾವ್ರಿ," ಎಂದು ನಿಧಾನಕ್ಕೆ ಇಳಿದು ಬಂದ. "ಆದ್ರ ನನಗ ಬಿಡಿಸಾಕ ಅನುಕೂಲ."

ಭತ್ತ

ಬಾದನಹಟ್ಟಿಯ ದಾರಿಗೆ ಬದಲಾಯಿಸಿದೆ. ಕೊಯ್ಲು ಮುಗಿದ ಕಾಲ, ಅರ್ಧ ರಸ್ತೆಗೆ ಭತ್ತ ಹರವಿದ್ದರು. ಬದಿಯಲ್ಲಿ ಕೂತಿದ್ದ ಅಜ್ಜಿಯೊಬ್ಬಳು ನಾನು ಹೋಗುವಾಗ ನೋಡಿದಳು. ತಿರುಗಿ ಬರುವಾಗ ಎದ್ದು ನಿಂತಿದ್ದಳು. ಅಷ್ಟೊತ್ತಿಗೆ ಏಳು ಕಿಲೋಮೀಟರ್ ಆಗಿತ್ತು.

"ಯಪ್ಪಾ, ಯಾವೂರಿಗೆ ಹೊಂಟಿ?"

"ಎಲ್ಲಿಗೂ ಇಲ್ಲಮ್ಮ."

"ಮತ್ಯಾಕ ಹೋಗೋದೂ ಬರೋದೂ ಮಾಡಾಕತ್ತಿ?"

"ಆರೋಗ್ಯಕ್ಕೆ."

ಅಜ್ಜಿ ನನ್ನ ಬೂಟು ನೋಡಿದಳು. "ಹೆಂಗಿದ್ರೂ ಕಾಲು ಸವಸಾಕತ್ತಿ. ಬೂಟು ಬಿಚ್ಚಿ ಇದರಾಗ ಹೋಗಿ ಬಾ. ನನ್ನ ಮೊಣಕಾಲು ಹಿಡ್ಕೊಂಡಾವ."

ಭತ್ತ ಸಮನಾಗಿ ಒಣಗಬೇಕಾದರೆ ಆಗಾಗ ಅದರೊಳಗೆ ಕಾಲೆಳೆದು ನಡೆದು ಸಾಲು ಮಾಡಬೇಕು. ನನಗೆ ಆರೋಗ್ಯ ಬೇಕು, ಅವಳಿಗೆ ಸಾಲು ಬೇಕು. ಈ ತರ್ಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಅರ್ಧ ಗಂಟೆ ಕಾಲೆಳೆದೆ. ಸಾಲು ವಾರೆಯಾದಾಗ ಬೈಸಿಕೊಂಡೆ. ಕೊನೆಗೆ ಅಜ್ಜಿ ಮಜ್ಜಿಗೆ ಕೊಟ್ಟು, "ನಾಳಿನೂ ಬಾ, ಇನ್ನೊಂದು ರಾಶಿ ಐತಿ" ಎಂದಳು.

ಮನೆಯಲ್ಲಿ ಹೆಂಡತಿ ಫೋನಿನ ನಕ್ಷೆ ನೋಡಿದಳು. ಏಳು ಕಿಲೋಮೀಟರ್ ನೇರ ಗೆರೆ, ಆಮೇಲೆ ಒಂದೇ ಜಾಗದಲ್ಲಿ ಹೋಗಿ ಬಂದು, ಹೋಗಿ ಬಂದು ಕಪ್ಪಗೆ ಗೀಚಿತ್ತು.

"ಏನು ಕಳಕೊಂಡು ಹುಡುಕಿದ್ರಿ?" ಎಂದಳು.

"ಮರ್ಯಾದೆ," ಎಂದೆ.

ಅಳಿಯ

ಉಳಿದದ್ದು ಸಿರುಗುಪ್ಪ ಕಡೆಯ ಕರೂರು. ಹೆಂಡತಿಯ ತವರು. ಹಬ್ಬಕ್ಕೆಂದು ಇಬ್ಬರೂ ಮೊದಲೇ ಹೋದೆವು. ಗದ್ದೆಗಳ ನಡುವೆ ಕಾಲುವೆಯ ಏರಿಯ ಮೇಲೆ ನೆಟ್ಟಗಿನ ಮಣ್ಣುದಾರಿ. ಬಸ್ಸಿಲ್ಲ, ಕುರಿ ಇಲ್ಲ. ಇರುವುದು ಬೀಗರು ಮಾತ್ರ. ಅದೇ ತೊಂದರೆ. ಆ ಊರಿಗೆ ನಾನು ಪ್ರೊಫೆಸರ್ ಅಲ್ಲ, ಅಳಿಯ. ಅಳಿಯ ಬಾಗಿಲ ಮುಂದೆ ಹಾದು ಚಹಾ ಕುಡಿಯದೆ ಹೋದರೆ ಆ ಮನೆಗೆ ಅವಮಾನ. ಮೊದಲ ದಿನ ಒಂದೂವರೆ ಕಿಲೋಮೀಟರ್ ಓಡಿ, ಮೂರು ಮನೆಯಲ್ಲಿ ಚಹಾ, ಎರಡರಲ್ಲಿ ಮಂಡಕ್ಕಿ ವಗ್ಗರಣಿ-ಮಿರ್ಚಿ ಮುಗಿಸಿ, ಹೋದದ್ದಕ್ಕಿಂತ ಭಾರವಾಗಿ ಹಿಂದಿರುಗಿದೆ.

ಎರಡನೇ ದಿನ ಊರು ತಪ್ಪಿಸಿ ಹೊರಟೆ. ಕಳೆ ತೆಗೆಯಲು ಹೊರಟ ಹೆಂಗಸರ ಆಟೊ ಪಕ್ಕದಲ್ಲೇ ನಿಂತಿತು.

"ಏಮೈಂದಿ ಅಳಿಯಂದ್ರ?" ಎಂದು ಒಬ್ಬಳು, ಏನಾಯಿತೆಂದು ಗಡಿನಾಡಿನ ತೆಲುಗಿನಲ್ಲಿ ಕೇಳಿ ಶುರು ಮಾಡಿದಳು. "ಯಾರರ ಬೆನ್ನು ಹತ್ಯಾರೇನು?"

"ಯಾರೂ ಇಲ್ಲ."

"ಹಂಗಾರ ಮನ್ಯಾಗ ಜಗಳ," ಎಂದು ಇನ್ನೊಬ್ಬಳು ತೀರ್ಪು ಕೊಟ್ಟಳು. "ನಮ್ ಹುಡುಗಿ ಸಣ್ಣಾಕಿದ್ದಾಗಿಂದ ಹಂಗ. ಓಡಿದ್ರ ಬಗೀಹರಿಯಂಗಿಲ್ಲ, ಹತ್ರಿ, ಕರ್ಕೊಂಡು ಹೋಗಿ ರಾಜಿ ಮಾಡಿಸ್ತೀವಿ."

ಮಾಡಿಸಿದರು.

ಕೊನೆಯ ಹೊಲ

ಯುಗಾದಿಗೆ ಎರಡು ದಿನ ಉಳಿದಿತ್ತು. ಕಾಲುವೆಗೆ ನೀರು ಬಿಡುವ, ಕಟ್ಟುವ ಕೆಲಸದ ಲಸ್ಕರ್‌ನ ಮುಂದೆ ನನ್ನ ಕಷ್ಟ ಹೇಳಿಕೊಂಡೆ. ಹೆಂಡತಿಗೆ ದೂರದ ಚಿಕ್ಕಪ್ಪ. ಅವನು ಗಂಭೀರವಾಗಿ ಕೇಳಿದ.

"ಒಟ್ಟು, ನಡುವ ಯಾರೂ ಅಡ್ಡ ಹಾಕಬಾರದು. ಕೊನೀ ಹೊಲ ಮುಟ್ಟಬೇಕು. ಅಷ್ಟ ಹೌದಲ್ಲೋ?"

"ಅಷ್ಟೇ."

"ಇದು ನಮಗ ದಿನದ ಕೆಲಸ," ಎಂದ.

ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ನಿಂತು, ನೀರು ಬಿಟ್ಟಾಗ ಮಾಡುವಂತೆಯೇ ಕೆಳಗಿನ ರೈತರಿಗೆ ಫೋನು ಹಚ್ಚಿದ. "ಹ್ಞೂಂ, ಈಗ ಬಿಟ್ಟೆ. ಅರ್ಧ ತಾಸಿಗೆ ನಿಮ್ಮ ತೂಬಿಗೆ ಬರ್ತಾರ. ಯಾರೂ ಮುಟ್ಟಬ್ಯಾಡ್ರಿ."

ಅಂಥ ಓಟವನ್ನು ನಾನು ಮತ್ತೆ ಓಡಲಾರೆ. ನೀರಿನ ಪಾಳಿಯ ದಿನ ಕಾವಲು ನಿಲ್ಲುವಂತೆ ಒಂದೊಂದು ತೂಬಿಗೂ ಒಬ್ಬ ರೈತ ಸಲಿಕೆ ಹಿಡಿದು ನಿಂತಿದ್ದ. ಚಹಾ ಲೋಟ ಹಿಡಿದು ಏರಿಗೆ ಬಂದ ದೊಡ್ಡಮ್ಮನನ್ನು ಒಬ್ಬ "ಏ ಯವ್ವಾ, ಹಿಂದಕ್ಕ ಸರಿ!" ಎಂದು ಗದರಿಸಿದ. ಅದೇ ಹೆಂಗಸರ ಆಟೊವನ್ನು ಇನ್ನೊಬ್ಬ ಗದ್ದೆಗೇ ಇಳಿಸಿದ. ನಾನು ದಾಟಿದ ಕೂಡಲೇ ಪ್ರತಿಯೊಬ್ಬನೂ ಮುಂದಿನವನಿಗೆ ಕೂಗುತ್ತಿದ್ದ: "ನಮ್ದು ದಾಟಿತೋ!"

ಕೊನೆಯ ಹೊಲದಲ್ಲಿ ಬೇವಿನ ಮರ, ಮರದಡಿ ಸ್ಕೂಟಿಯೊಂದಿಗೆ ಹೆಂಡತಿ, ಪಕ್ಕದಲ್ಲಿ ಹೊಲದ ಯಜಮಾನನಾದ ಮುದುಕ. ಫೋನು ನೋಡಿದೆ. ಒಂಬತ್ತು ಪಾಯಿಂಟ್ ಏಳು. ಕಾಲುವೆ ಮುಗಿದಿತ್ತು.

ನಿಲ್ಲಲಿಲ್ಲ. ಮರವನ್ನೇ ಸುತ್ತತೊಡಗಿದೆ. ಒಂಬತ್ತು ಪಾಯಿಂಟ್ ಎಂಟು. ಒಂಬತ್ತು ಪಾಯಿಂಟ್ ಒಂಬತ್ತು. ಮುದುಕ ನನ್ನ ಜೊತೆಗೆ ಕತ್ತು ತಿರುಗಿಸುತ್ತಾ ನನ್ನ ಹೆಂಡತಿಯನ್ನು ಕೇಳಿದ:

"ಅಳಿಯಂದ್ರು ಯಾಕವ್ವ ಗಿಡ ಸುತ್ತಾಕತ್ಯಾರ?"

"ಇನ್ನೂ ನೂರು ಮೀಟರ್ ಬಾಕಿ ಐತಿ, ಅಜ್ಜಾ."

"ಸಾಕು ಬಿಡವ್ವ. ದೊಡ್ಡ ಮನುಷ್ಯ," ಎಂದ ಮುದುಕ. "ನಲವತ್ತು ವರ್ಷದಾಗ ಆ ಗೇಟಿನಾಗ ಬಿಟ್ಟಿದ್ದು ಈ ಹೊಲ ಮುಟ್ಟಿದ್ದು ಇದ ಮೊದಲು."

ತಡೆಯಲು ನೋಡಿದೆ. ಆಗಲಿಲ್ಲ. ನಗು ಹೊಟ್ಟೆಯಿಂದ ಬಂತು, ಬೇವಿನ ಬುಡದಲ್ಲಿ ಕುಸಿದು ಕೂತೆ. ಮುದುಕ ನಕ್ಕ, ದೂರದ ತೂಬಿನವರೂ ಯಾಕೆಂದು ತಿಳಿಯದೆ ನಕ್ಕರು. ಹೆಂಡತಿ ಕಣ್ಣೊರೆಸಿಕೊಂಡು ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಒಂಬತ್ತು ಪಾಯಿಂಟ್ ಒಂಬತ್ತು ಆರು.

"ಸೋಮವಾರ ಆರು ಗಂಟೆಗೆ, ಪಾರ್ಕು," ಎಂದಳು. "ಛಲೋ ನಗ್ತೀರಿ. ನಿಮ್ಮನ್ನ ಮುಂದಿನ ಸಾಲಿನಾಗ ನಿಲ್ಲಸ್ತೀನಿ."