ಹುಲಗೇಶನ ಮನೆಗೆ ನೆಟ್ ಬಂದದ್ದು

"ಮಂಚ ಜೋಡ್ಸೋದು ತಡ ಆಗಬಹುದು, ನೆಟ್ ಮಾತ್ರ ತಡ ಆಗಂಗಿಲ್ಲ" ಎಂದು ಹುಲಗೇಶ ಹೆಂಡತಿಗೆ ಮಾತು ಕೊಟ್ಟಿದ್ದೇ ಎಲ್ಲ ರಾದ್ಧಾಂತಕ್ಕೂ ಕಾರಣವಾಯಿತು.

ಅಂದು ಮಧ್ಯಾಹ್ನ ಮೂರಕ್ಕೆ ಹೆಂಡತಿ ಗುರುದೇವಿಗೆ ವಿಡಿಯೋದಲ್ಲಿ ಸಂದರ್ಶನವಿತ್ತು. ಮನೆಯಿಂದಲೇ ಮಕ್ಕಳಿಗೆ ಗಣಿತ ಹೇಳಿಕೊಡುವ ಕೆಲಸ. ಹೆರಿಗೆಗೆಂದು ನೌಕರಿ ಬಿಟ್ಟವಳಿಗೆ ಮೊದಲ ಸಲ ಒಂದು ಕರೆ ಬಂದಿತ್ತು. ಆದರೆ ಮಣಿಕೊಂಡದ ಈ ಹೊಸ ಬಾಡಿಗೆ ಮನೆಯಲ್ಲಿ ಮೊಬೈಲ್ ಸಿಗ್ನಲ್ಲು ಹಬ್ಬಕ್ಕೆ ಬರುವ ಅಳಿಯನ ಹಾಗೆ: ಬಂದರೆ ಬಂತು, ಬಂದರೂ ನಿಲ್ಲುವುದಿಲ್ಲ. ಹಸುಗೂಸು ಕಟ್ಟಿಕೊಂಡು ಬೇರೆಲ್ಲಿಗೆ ಹೋಗುವುದು?

ಬೆಳಿಗ್ಗೆ, ವೈರು ಎಳೆಯಲು ಬರಬೇಕಿದ್ದ ನೆಟ್ ಕಂಪನಿಯ ಮನೋಜ ಫೋನ್ ಮಾಡಿ ತೆಲುಗಿನಲ್ಲಿ ಹೇಳಿದ. "ಸಾರ್, ಮೀ ಇಂಟಿ ಮುಂದೆ ಉನ್ನಾನು. ತಲುಪು ತೀಯಂಡಿ."

ಮನೆ ಮುಂದೆಯೇ ಇದ್ದಾನಲ್ಲ ಎಂದು ಹುಲಗೇಶ ಓಡಿಹೋಗಿ ಬಾಗಿಲು ತೆಗೆದ. ಮನೆ ಮುಂದೆ ನಾಯಿಯೊಂದು ಮಲಗಿತ್ತು, ಅಷ್ಟೇ. ಮನೋಜ ನಿಂತಿದ್ದು ಲಿಂಗಂಪಲ್ಲಿಯ ಹಳೆಯ ಮನೆಯ ಮುಂದೆ! ಕಂಪನಿಗೆ ಫೋನಾಯಿಸಿದರೆ, "ನಿಮ್ಮ ಟೆಲಿಫೋನ್ ಮಣಿಕೊಂಡಕ್ಕೆ ವರ್ಗವಾಗಿದೆ ಸಾರ್. ನೆಟ್ ಇನ್ನೂ ಲಿಂಗಂಪಲ್ಲಿಯಲ್ಲೇ ಇದೆ. ಅದು ಬೇರೆ ಡಿಪಾರ್ಟ್‌ಮೆಂಟು" ಎಂದರು. ಗಂಡ ಹೆಂಡತಿ ಬೇರೆ ಬೇರೆ ಬಸ್ಸು ಹತ್ತಿದಂತಾಗಿತ್ತು.

ಕಾಡಿ ಬೇಡಿದ ಮೇಲೆ ಊಟದ ಹೊತ್ತಿಗೆ ಮನೋಜ ಬಂದ. ವೈರು ಎಳೆಯಬೇಕಿದ್ದ ಕಂಬ ಓಣಿಯ ಆಚೆ ಬದಿಗಿತ್ತು. ಮೇಲಿನ ಮನೆಯಲ್ಲಿದ್ದ ಮಾಲೀಕ, ಬೀದರ ಕಡೆಯ ವೀರಭದ್ರಪ್ಪ, ತಾವೇ ಏಣಿ ಹೊತ್ತು ತಂದರು.

"ಈ ಬಿಲ್ಡಿಂಗಿಗೆ ಇಲ್ಲೀತನಾ ಯಾವ ಕಂಪನಿನೂ ವೈರ್ ತಂದಿಲ್ಲ. ನೀವು ತಂದ್ರಿ ಅಂದ್ರ ಭಾಳ ದೊಡ್ಡ ಕೆಲಸ. ಗ್ವಾಡಿಗೆ ಎಷ್ಟು ಬೇಕು ತೂತು ಹಾಕ್ರಿ!"

ಮೊಳೆ ಹೊಡೆದರೆ ಎದೆಗೇ ಹೊಡೆದಂತೆ ಕೂಗಾಡುವ ಮಾಲೀಕರನ್ನಷ್ಟೇ ಕಂಡಿದ್ದ ಹುಲಗೇಶನ ಕಣ್ಣು ತೇವವಾದವು.

ವೈರು ಕೆಳಮನೆಯ ಗಂಗಾಬಾಯಿಯ ಬಾಲ್ಕನಿ ದಾಟಿ ಬರಬೇಕಿತ್ತು. ಮುದುಕಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಶಾಕ್ ಹೊಡದ್ರ ಯಾರ ಜವಾಬ್ದಾರಿ?"

"ಇದರಾಗ ಕರೆಂಟ್ ಇಲ್ಲಬೇ, ಒಳಗ ಗಾಜಿನ ಎಳಿ, ಬರೇ ಬೆಳಕು ಹರೀತೈತಿ" ಎಂದ ಹುಲಗೇಶ.

"ಬೆಳಕಾ? ಹಂಗಾರ ನಮ್ಮ ಬಚ್ಚಲಕ್ಕೂ ಒಂದೀಟು ಬಿಡ್ಸಪಾ."

ಬಚ್ಚಲಿಗೆ ಹೊಸ ಬಲ್ಬು ಹಾಕಿಕೊಟ್ಟ ಮೇಲೆಯೇ ವೈರು ಮುಂದೆ ಸಾಗಿತು. ಮೂರಕ್ಕೆ ತುಸು ಮುಂಚೆ ಮನೆಯೊಳಗಿನ ನೆಟ್ ಡಬ್ಬಿಯಲ್ಲಿ ಹಸಿರು ದೀಪ ಹತ್ತಿತು. ವೈರು ಬಿಗಿಯಲು ಕ್ಲಿಪ್ಪು ತರುತ್ತೇನೆಂದು ಮನೋಜ ಅಂಗಡಿಗೆ ಹೋದ. ಗುರುದೇವಿ ಕೂದಲು ಸರಿಮಾಡಿಕೊಂಡು ಕುಳಿತಳು. ಹುಲಗೇಶ ಮಗುವನ್ನು ಹೆಗಲಿಗೆ ಹಾಕಿಕೊಂಡು ಉಸಿರುಬಿಟ್ಟ.

ಬಿಟ್ಟ ಉಸಿರು ಮುಗಿದಿರಲಿಲ್ಲ. ಒಳಗಿಂದ ಕೂಗು ಬಂತು. "ರೀ, ವಿಡಿಯೋದಾಗ ಮೇಡಂ ಬಾಯಿ ತಗದಾಕಿ ತಗದಂಗ ನಿಂತುಬಿಟ್ಟಾಳ!"

ಕೆಳಗೆ ಬಗ್ಗಿ ನೋಡಿದರೆ, ಕರೆಂಟಿಲ್ಲವೆಂದು ಖಾತ್ರಿಯಾದ ಗಂಗಾಬಾಯಿ ಒಂಬತ್ತು ಮೊಳದ ಹಸಿ ಸೀರೆಯನ್ನು ವೈರಿಗೆ ಹಾಕಿದ್ದಳು. ಹುಲಗೇಶ ಮಗುವಿನ ಸಮೇತ ಕೆಳಗೆ ಓಡಿ ಸೀರೆ ಎಳೆದ. ಜೋತುಬಿದ್ದಿದ್ದ ವೈರನ್ನು ಎತ್ತಿ ಹಿಡಿದರೆ ಮೇಲಿಂದ ಗುರುದೇವಿ, "ಬಂತ್ರಿ!", ಕೈಬಿಟ್ಟರೆ, "ಹೋತ್ರಿ!"

ಹಾಗಾಗಿ ಸಂದರ್ಶನ ಮುಗಿಯುವವರೆಗೂ ಅವನು ಕೈಬಿಡಲಿಲ್ಲ. ಒಂದು ತೋಳಲ್ಲಿ ಮಗು, ಹೆಗಲ ಮೇಲೆ ಹಸಿ ಸೀರೆ, ಇನ್ನೊಂದು ಕೈಯಲ್ಲಿ ವೈರು. ಜಾತ್ರೆಯಲ್ಲಿ ದಾರಿ ತಪ್ಪಿದ ವೇಷಗಾರನಂತೆ ನಿಂತ. ಓಣಿಯವರೆಲ್ಲ ನೋಡಿ ಹೋದರು. ಅವನ ಪಾಡು ಕಂಡು ಕರಗಿಹೋದ ಗಂಗಾಬಾಯಿ ಬಸಿಯಲ್ಲಿ ಚಹಾ ಆರಿಸಿ ಅವನ ಬಾಯಿಗೆ ಹಿಡಿದಳು.

ಕಡೆಗೆ ಗುರುದೇವಿ ಮೆಟ್ಟಿಲು ಹಾರಿ ಬಂದಳು. "ಆತ್ರಿ! ಸೋಮವಾರದಿಂದ ಬಾ ಅಂದ್ರು. ನೆಟ್ ಹಿಂಗ ಗಟ್ಟಿ ಇದ್ರ ಸಾಕಂತ!"

ಹುಲಗೇಶ ಕೈ ಇಳಿಸಲು ನೋಡಿದ. ಜೋಮು ಹಿಡಿದ ಕೈ ಇಳಿಯಲಿಲ್ಲ. ಆಗ ಅಂಗಡಿಯಿಂದ ಮರಳಿದ ಮನೋಜ ಕ್ಲಿಪ್ಪು ಹೊಡೆದು ವೈರನ್ನು ಭದ್ರ ಮಾಡಿಹೋದ.

ಸಂಜೆ ವೀರಭದ್ರಪ್ಪ ಪೇಡೆಯ ಡಬ್ಬಿ ಹಿಡಿದು ಬಂದರು. ಹಸಿರು ದೀಪವನ್ನು ಮೊಮ್ಮಗನ ಮುಖ ನೋಡಿದಂತೆ ನೋಡಿದರು.

"ಬಾಯಿ ಸಿಹಿ ಮಾಡ್ಕೊಳ್ರಿ. ನಿಮ್ಮ ಉಪಕಾರ ಜನ್ಮದಾಗ ಮರಿಯಂಗಿಲ್ಲ. ನಮ್ಮ ಮಗಳು ಭಾಗ್ಯಶ್ರೀ, ಅಳಿಯ ಇಬ್ರೂ ಮನಿಯಾಗ ಕುಂತು ಕೆಲಸ ಮಾಡೋರು. ನೆಟ್ ಇಲ್ಲದ ಮನಿಗೆ ಬರಂಗಿಲ್ಲ ಅಂತ ಹಟ ಹಿಡದಿದ್ರು. ಈಗ ಫೋನ್ ಮಾಡಿ ಹೇಳ್ದೆ. ಮುಂದಿನ ತಿಂಗಳು ಈ ಮನಿಗೇ ಬರ್ತಾರ."

ಹುಲಗೇಶ ಅರ್ಧ ಕಚ್ಚಿದ ಪೇಡೆಯನ್ನು ಮತ್ತೆ ಡಬ್ಬಿಗೇ ಇಟ್ಟ.

"ಅವಸರ ಇಲ್ಲ, ಆರಾಮ ಬ್ಯಾರೆ ಮನಿ ನೋಡ್ಕೊಳ್ರಿ" ಎಂದು ಅವರು ಬೆನ್ನು ತಟ್ಟಿ ಹೊರಟರು. ಬಾಗಿಲ ಬಳಿ ನಿಂತು, ಮೆತ್ತಗೆ ಹೇಳಿದರು:

"ಹೋಗೂಮುಂದ ಆ ವೈರ್ ಒಂದು ಬಿಚ್ಚಬ್ಯಾಡ್ರಿ."