ದೂರು ಪೆಟ್ಟಿಗೆಯ ದೆವ್ವಗಳು

ಮಧುಗಿರಿ ಹತ್ತಿರದ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸಗಾರರ ದೂರು ಕೇಳುವುದು, ತಪ್ಪು ಮಾಡಿದವರ ವಿಚಾರಣೆ ನಡೆಸುವುದು ನನ್ನ ಕೆಲಸ. ಬೇರೆ ಕಡೆ ಬಸ್ಸಿನ ದೂರು, ಬೋನಸ್ಸಿನ ದೂರು ಬರುತ್ತವಂತೆ. ನನ್ನ ಟೇಬಲ್ಲಿಗೆ ಬರುವ ದೂರುಗಳನ್ನು ಒಬ್ಬನೇ ಕೂತು ಓದಲು ಈಗಲೂ ಧೈರ್ಯ ಸಾಲದು.

ತಾನೇ ಹೊಲಿಯುವ ಮಿಷಿನ್

ದೊಡ್ಡೇರಿ ಕಡೆಯ ಹೆಂಗಸೊಬ್ಬಳ ಮಿಷಿನ್ನಿನಲ್ಲಿ ದಿನಾ ಒಂದು ಕಾಲರ್ ಹಾಳಾಗುತ್ತಿತ್ತು. ಸೂಪರ್‌ವೈಸರ್ ಮೆಮೊ ಕೊಟ್ಟ. ಅವಳು ನನ್ನೆದುರು ನಿಂತು, "ನಾನಲ್ಲ ಸಾರ್. ನಾನು ಊಟಕ್ಕೋದಾಗ ಅದು ತಾನೇ ಹೊಲೀತದೆ" ಅಂದಳು.

ಸೂಪರ್‌ವೈಸರ್ ನಕ್ಕ. ಕಣ್ಣಾರೆ ನೋಡದೆ ಶಿಕ್ಷೆ ಕೊಡಬಾರದೆಂದು ಊಟದ ಹೊತ್ತಿನಲ್ಲಿ ನಾನೊಬ್ಬನೇ ಹೋಗಿ ಕೂತೆ. ಫ್ಯಾನುಗಳು ನಿಂತಿದ್ದವು. ಸಾಲು ಸಾಲು ಖಾಲಿ ಸ್ಟೂಲು. ಇದ್ದಕ್ಕಿದ್ದಂತೆ ಅವಳ ಮಿಷಿನ್ 'ಗುರ್ರ್' ಎಂದಿತು. ಸ್ಟೂಲಿನ ಮೇಲೆ ಯಾರೂ ಇಲ್ಲ. ಸೂಜಿ ಮಾತ್ರ ಏಳುತ್ತಿದೆ, ಬೀಳುತ್ತಿದೆ.

"ಯಾರದು?" ಅಂದೆ. ನಿಂತಿತು!

ಬೆವರೊರೆಸಿಕೊಂಡು ಬಗ್ಗಿ ನೋಡಿದರೆ, ಪೆಡಲಿನ ಮೇಲೆ ಒಂದು ಬೆಕ್ಕು ಮಗ್ಗುಲು ಬದಲಿಸಿ ಮಲಗುತ್ತಿತ್ತು. ಸ್ವಿಚ್ ಆರಿಸದೆ ಹೋಗಿದ್ದಷ್ಟೇ ಅವಳ ತಪ್ಪು. ಮೆಮೊ ವಾಪಸಾಯಿತು.

"ಮಲಗಿದ್ರೂ ಕೆಲ್ಸ ಮಾಡ್ತದಲ್ಲ ಸಾರ್," ಅಂದಳು ಅವಳು, "ಅದನ್ನೇ ಪರ್ಮನೆಂಟ್ ಮಾಡ್ಕಳಿ."

ಗೋಡೆಯೊಳಗಿನ ದನಿ

ಆಮೇಲೊಮ್ಮೆ ಹೆಂಗಸರು ಶೌಚಾಲಯಕ್ಕೆ ಒಬ್ಬೊಬ್ಬರೇ ಹೋಗುವುದನ್ನೇ ಬಿಟ್ಟರು. "ಗೋಡೆಯಿಂದ ಯಾರೋ ಕರೀತಾರೆ ಸಾರ್. ಗಂಡಸಿನ ದನಿನೂ ಅಲ್ಲ, ಹೆಂಗಸಿಂದೂ ಅಲ್ಲ." ಇಬ್ಬರು ಕೆಲಸ ಬಿಡುವುದಾಗಿ ಬರೆದೂ ಕೊಟ್ಟರು.

ಎಲ್ಲರನ್ನೂ ಹೊರಗೆ ನಿಲ್ಲಿಸಿ ನಾನೇ ಒಳಗೆ ಹೋದೆ. ನಲ್ಲಿ ತೊಟ್ಟಿಕ್ಕುತ್ತಿತ್ತು. ನೆತ್ತಿಯ ಮೇಲಿಂದ ಕರಕರ ದನಿ: "ಸಾಕು... ಬಾ... ಬೇಗ ಬಾ..."

ತಲೆ ಎತ್ತಿದರೆ ಗೋಡೆಯ ಬಣ್ಣವನ್ನೇ ಬಳಿದ ಸ್ಪೀಕರು. ಹೋದವರು ಬೇಗ ಬರಲೆಂದು ಸೂಪರ್‌ವೈಸರೇ ಹಾಕಿಸಿ, ತನ್ನ ಸೀಟಿನಿಂದ ಮೈಕಿನಲ್ಲಿ ಕರೆಯುತ್ತಿದ್ದ. ಸ್ಪೀಕರ್ ಕೀಳಿಸಿ ಅವನಿಗೂ ನೋಟಿಸು ಕೊಟ್ಟೆ. ಉತ್ತರ ಬಂತು: "ಹೆದರಿಸುವ ಉದ್ದೇಶವಿರಲಿಲ್ಲ. ನನಗೆ ಶೀತವಾಗಿತ್ತು."

ಎರಡು ನಿಮಿಷದ ಮೌನ

ಪಾವಗಡ ಕಡೆಯ ಹುಡುಗಿಯೊಬ್ಬಳು ಒಂಬತ್ತು ದಿನ ಬರಲಿಲ್ಲ. ಫೋನೂ ಇಲ್ಲ. "ತೆಗೆದುಹಾಕಿ" ಅಂದ ಸೂಪರ್‌ವೈಸರ್. ಅವಳ ಮಾತು ಕೇಳದೆ ತೆಗೆಯುವಂತಿಲ್ಲವೆಂದು ಊರಿಗೆ ನೋಟಿಸು ಕಳಿಸಿದೆ. ಲಕೋಟೆ ವಾಪಸ್ ಬಂತು. ಮೇಲೆ ಪೋಸ್ಟ್‌ಮನ್ ಬರೆದಿದ್ದ: "ವಿಳಾಸದಾರರು ತೀರಿಕೊಂಡಿದ್ದಾರೆ."

ಅವಳ ಫೋಟೋಗೆ ಹಾರ ಹಾಕಿ, ಹೊಲಿಗೆಯ ಲೈನ್ ನಿಲ್ಲಿಸಿ, ಎಲ್ಲರೂ ತಲೆ ತಗ್ಗಿಸಿ ನಿಂತೆವು. ಆ ನಿಶ್ಶಬ್ದದಲ್ಲಿ ಬಾಗಿಲ ಕಡೆಯಿಂದ ಚಪ್ಪಲಿ ಸದ್ದು. ಯಾರೋ ಬಂದು ಕೊನೆಯ ಸಾಲಿನಲ್ಲಿ ನಿಂತು, ತಲೆ ತಗ್ಗಿಸಿ, ಮೆಲ್ಲಗೆ ಕೇಳಿದರು: "ಏಮಯಿಂದಿ ಅಕ್ಕಾ, ಏನಾಯ್ತು? ಯಾರು ಹೋಗ್ಬುಟ್ರು?"

ಪಕ್ಕದವಳು ತಿರುಗಿ ನೋಡಿ ಚೀರಿದ ಚೀರಿಗೆ ಅರ್ಧ ಫ್ಯಾಕ್ಟರಿ ಗೇಟಿನಾಚೆ ಇತ್ತು. ಫೋಟೋದ ಮುಖವೇ ಊಟದ ಡಬ್ಬಿ ಹಿಡಿದು ನಿಂತಿತ್ತು!

ತೀರಿಕೊಂಡಿದ್ದು ಅವಳ ಅಜ್ಜಿ. ಮೊಮ್ಮಗಳಿಗೂ ಅಜ್ಜಿಯದೇ ಹೆಸರು. ಲಕೋಟೆಯ ಮೇಲೆ ಇನಿಷಿಯಲ್ ಬರೆಯದ್ದು ನನ್ನ ತಪ್ಪು. ಎಲ್ಲರೆದುರು ಕ್ಷಮೆ ಕೇಳಿ, ಅವಳನ್ನು ಕೆಲಸಕ್ಕೆ ಕೂರಿಸಿದೆ.

ಸಂಜೆ ಅವಳು ಒಂದು ಕಾಗದ ಹಿಡಿದು ಬಂದಳು. ಸೂಪರ್‌ವೈಸರ್ ಮೆಮೊ: "ನೀವು ತೀರಿಕೊಳ್ಳದಿದ್ದರೂ ನಿಮ್ಮ ನಿಮಿತ್ತ ಲೈನ್ ಎರಡು ನಿಮಿಷ ನಿಂತಿದೆ. ವಿವರಣೆ ಕೊಡಿ."

ನಾನು ಹರಿಯಲು ಹೋದೆ. "ಇರ್ಲಿ ಬುಡಿ ಸಾರ್, ಉತ್ತರ ಬರ್ದಿದೀನಿ" ಅಂದಳು. ಕೆಳಗೆ ದುಂಡಗೆ ಬರೆದಿದ್ದಳು:

"ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ. ಸತ್ತರೆ ಭಾನುವಾರ ಸಾಯುತ್ತೇನೆ."