ಜರ್ಮನಿಯ ಚಳಿಗಾಲ, ನನ್ನ ಭಾನುವಾರ

ಇನ್ನೊಬ್ಬರು ಎಷ್ಟು ತಡವಾಗಿ ಬಂದರು ಎಂದು ಬರೆದಿಡುವುದು ನನ್ನ ಹೊಟ್ಟೆಪಾಡು. ಕುವೈತಿನ ಶುವೈಖ್ ಪ್ರದೇಶದ ಗೋದಾಮೊಂದರಲ್ಲಿ ಹಾಜರಿ ಪುಸ್ತಕ ನನ್ನ ವಶದಲ್ಲಿದೆ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನನ್ನ ಹೆಸರಿನ ಮುಂದೆ ಕೆಂಪು ಶಾಯಿ ಬಿದ್ದಿರಲಿಲ್ಲ. ಹೋದ ಭಾನುವಾರ ಬಿತ್ತು. ನಾನಿನ್ನೂ ಚೇತರಿಸಿಕೊಂಡಿಲ್ಲ, ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ಜರ್ಮನಿಯಲ್ಲಿರುವ ನನ್ನ ಹೆಂಡತಿಯ ತಮ್ಮ ಬೇಸಿಗೆಯಲ್ಲಿ ಬಂದಾಗ ಒಂದು ರೇಡಿಯೋ ಗಡಿಯಾರ ತಂದ. ಅಲ್ಲಿಯ ಗೋಪುರವೊಂದು ಕಳಿಸುವ ಸಂಕೇತ ಕೇಳಿ ಅದು ತನ್ನನ್ನು ತಾನೇ ತಿದ್ದಿಕೊಳ್ಳುತ್ತದಂತೆ. ಸಂಕೇತ ಕುವೈತಿನವರೆಗೆ ಬರುವುದಿಲ್ಲವೆಂದು ಅವನೇ ಇಲ್ಲಿಯ ಸಮಯಕ್ಕೆ ಹೊಂದಿಸಿಕೊಟ್ಟ. ಆದರೂ ನನಗೆ ಅದರ ಮೇಲೆ ಎಂಥ ಭಕ್ತಿ ಬಂತೆಂದರೆ, ಫೋನಿನಲ್ಲಿ ಸಮಯ ನೋಡುವುದನ್ನೇ ಬಿಟ್ಟೆ.

ಭಾನುವಾರ, ಅಂದರೆ ಇಲ್ಲಿ ವಾರದ ಮೊದಲ ಕೆಲಸದ ದಿನ, ಗಡಿಯಾರ ಐದೂವರೆಗೆ ಎಬ್ಬಿಸಿತು. ಹೆಂಡತಿ ಚಹಾ ಕೊಡುತ್ತಾ, "ರೀ, ಬಿಸಿಲು ಆಗ್ಲೇ ಸೋಫಾ ತನಕ ಬಂದಿದೆ" ಎಂದಳು.

"ಜರ್ಮನಿಯ ಗಡಿಯಾರಕ್ಕಿಂತ ನಿನ್ನ ಸೋಫಾ ದೊಡ್ಡದಾ?" ಎಂದೆ. ಈ ಮಾತು ನಾನೇ ಆಡಿದ್ದು, ಅಲ್ಲಗಳೆಯುವುದಿಲ್ಲ.

ಸಾಲ್ಮಿಯಾದ ನಮ್ಮ ಕಟ್ಟಡದ ಕೆಳಗೆ ಇಪ್ಪತ್ತು ನಿಮಿಷ ನಿಂತೆ. ಕಂಪನಿಯ ವ್ಯಾನ್ ಬರಲಿಲ್ಲ. ಚಾಲಕ ಹಮೀದನಿಗೆ ಫೋನ್ ಮಾಡಿ ರೇಗಿದೆ.

"ಎಂತ ಸಾರ್, ನಾನು ಹೋಗಿ ಗಂಟೆ ಆಯ್ತಲ್ಲ! ಎರಡು ನಿಮಿಷದ ಮೇಲೆ ಯಾರಿಗೂ ಕಾಯ್ಬೇಡ ಅಂತ ನೀವೇ ಅಲ್ವಾ ಹೇಳಿದ್ದು?"

ಟ್ಯಾಕ್ಸಿಯಲ್ಲಿ ಕೂತು ಹೆಂಡತಿಯ ತಮ್ಮನನ್ನು ನಿದ್ದೆಯಿಂದ ಎಬ್ಬಿಸಿದೆ. "ಅಯ್ಯೋ ಭಾವ, ಹೇಳೋದು ಮರ್ತೇಬಿಟ್ಟೆ! ಇಲ್ಲಿ ಇವತ್ತಿಂದ ಚಳಿಗಾಲದ ಸಮಯ. ಗಡಿಯಾರ ಎಲ್ಲ ಒಂದು ಗಂಟೆ ಹಿಂದೆ. ಅದರೊಳಗೆ ಕ್ಯಾಲೆಂಡರ್ ಇದೆ, ಸಂಕೇತ ಸಿಗದಿದ್ರೂ ತಾನೇ ಹಿಂದೆ ಹೋಗುತ್ತೆ" ಎಂದು ಆಕಳಿಸಿದ. ಅನ್ಯಾಯ ನೋಡಿ: ತಮಗೆ ರಜೆ ಇರುವ ಭಾನುವಾರವನ್ನೇ ಆರಿಸಿಕೊಂಡು ಸಮಯ ಬದಲಿಸುತ್ತಾರೆ! ಈ ಮರಳುಗಾಡಿನಲ್ಲಿ ನನ್ನ ಗೋಡೆಯ ಮೇಲೆ ಕೂತು, ನನ್ನ ಬ್ಯಾಟರಿ ತಿಂದು, ಆ ಗಡಿಯಾರ ಅವರ ಚಳಿಗೆ ನಡುಗಬೇಕೆ?

ಗೋದಾಮಿಗೆ ಹೋದವನು ಕೆಂಪು ಶಾಯಿಯಲ್ಲಿ ನನ್ನ ತಡವನ್ನು ನಾನೇ ನಮೂದಿಸಿದೆ. ಕಾರಣದ ಕಾಲಮ್ಮಿನಲ್ಲಿ ಸತ್ಯವನ್ನೇ ಬರೆದೆ: 'ಜರ್ಮನಿಯಲ್ಲಿ ಚಳಿಗಾಲ.' ಫೋರ್ಕ್‌ಲಿಫ್ಟ್ ಓಡಿಸುವ ಸುಕುಮಾರ ನನ್ನ ಭುಜದ ಮೇಲಿಂದ ಬಗ್ಗಿ ಓದಿದ.

"ಸಾರ್, ನಾನು ಟಯರ್ ಪಂಚರ್ ಅಂದಾಗ ನೀವು ಫೋಟೋ ಕೇಳಿದ್ರಿ."

ನ್ಯಾಯವಾದ ಮಾತು. ಸಂಜೆ ಮನೆಗೆ ಬಂದವನೇ ಶೂ ಕೂಡ ಬಿಚ್ಚದೆ ಗಡಿಯಾರದ ಫೋಟೋ ತೆಗೆದೆ. ಆಮೇಲೆ ನೋಡಿದರೆ, ಸಮಯ ಸರಿಯಾಗಿತ್ತು.

"ತಮ್ಮ ಫೋನ್ ಮಾಡಿದ್ದ. ಹಿಂದೆ ಒಂದು ಬಟನ್ ಇದೆಯಂತೆ, ಒತ್ತಿದೆ" ಎಂದಳು ಹೆಂಡತಿ. "ಅರ್ಧ ನಿಮಿಷದ ಕೆಲಸ."

ಆ ಫೋಟೋವನ್ನು ಸುಕುಮಾರನಿಗೆ ಇನ್ನೂ ತೋರಿಸಿಲ್ಲ. ಗಡಿಯಾರದ ಗಾಜಿನಲ್ಲಿ ನನ್ನ ಮುಖವೂ ಬಿದ್ದಿದೆ. ಇಡೀ ಫೋಟೋದಲ್ಲಿ ತಪ್ಪಾಗಿ ಕಾಣುತ್ತಿರುವುದು ಅದೊಂದೇ.